ಡ್ರಾಯರಿನಲ್ಲಿ ಮಲಗಿರುವ ಹಳೇ ಫೋನುಗಳನ್ನು ಹೊರಗೆ ತರುವುದು ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದವರು: ಎಂ.ಎಸ್ಸಿ. ಎರಡನೇ ವರ್ಷ

ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಇ-ತ್ಯಾಜ್ಯದ (ಬೇಡವಾದ ವಿದ್ಯುತ್, ಎಲೆಕ್ಟ್ರಾನಿಕ್ ಸಾಮಾನಿನ) ಬಗ್ಗೆ ಎಷ್ಟು ಗೊತ್ತು, ಹಾಳಾದ ಸಾಮಾನನ್ನು ಏನು ಮಾಡುತ್ತಾರೆ ಅನ್ನುವುದು ನನ್ನ ಪ್ರಾಜೆಕ್ಟ್. ಪ್ರಶ್ನೆಪಟ್ಟಿ ಹಂಚಿದೆ. ಅದರಲ್ಲಿರುವ ವಿಷವಸ್ತುಗಳು ಯಾವುವು ಅಂದರೆ ಸೀಸ, ಪಾದರಸ, ಕ್ಯಾಡ್ಮಿಯಂ ಎಲ್ಲಾ ಸರಿಯಾಗಿ ಬರೆದರು. ಮಾಮೂಲಿ ಕಸದ ಜೊತೆ ಹಾಕಬಾರದು ಅಂತಲೂ ಬರೆದರು. ಖುಷಿಯಾಗಿ ಲೈಬ್ರರಿ ಬಾಗಿಲಲ್ಲಿ ಒಂದು ಡಬ್ಬ ಇಟ್ಟೆವು. ತಿಂಗಳಾದ ಮೇಲೆ ತೆಗೆದು ನೋಡಿದರೆ ಎರಡು ಇಯರ್‌ಫೋನ್, ಒಂದು ಮೌಸ್, ಮೂರು ಖಾಲಿ ಪೆನ್ನು. ಫೋನ್ ಒಂದೂ ಇಲ್ಲ! ಗೊತ್ತಿದ್ದವರೂ ಯಾಕೆ ಕೊಡುತ್ತಿಲ್ಲ? ನಿಮ್ಮಲ್ಲಿ ಯಾರಾದರೂ ಇಂಥದ್ದು ಮಾಡಿದ್ದರೆ ದಯವಿಟ್ಟು ಹೇಳಿ.

ಹಾಸ್ಟೆಲ್‌ನಲ್ಲಿರುವವಳು

ನಾನೂ ಹಾಗೆ ಸರಿಯುತ್ತರ ಬರೆಯುವವಳೇ. ನನ್ನ ಡ್ರಾಯರಿನಲ್ಲಿ ಎರಡು ಫೋನ್ ಇವೆ. ಒಂದು ಸರಿಯಾಗಿಯೇ ಇದೆ, 'ಇರಲಿ, ಬೇಕಾದೀತು' ಅಂತ ಇಟ್ಟದ್ದು. ಮೂರು ವರ್ಷದಲ್ಲಿ ಒಮ್ಮೆಯೂ ಬೇಕಾಗಲಿಲ್ಲ. ಇನ್ನೊಂದರ ಟಚ್ ಹೋಗಿದೆ. ಅದರಲ್ಲಿ ಫೋಟೋ, ಚಾಟ್, ಬ್ಯಾಂಕಿನ ಆ್ಯಪ್ ಎಲ್ಲಾ ಇದೆ. ಟಚ್ ಇಲ್ಲದೆ ಅಳಿಸುವುದಕ್ಕಾಗುವುದಿಲ್ಲ, ಅಳಿಸದೆ ಕೊಡುವುದಕ್ಕೆ ಧೈರ್ಯವಿಲ್ಲ. ಲೈಬ್ರರಿ ಬಾಗಿಲಲ್ಲಿ ಬೀಗವಿಲ್ಲದ ಡಬ್ಬಕ್ಕೆ ಅದನ್ನು ಹಾಕಿ ಬರುತ್ತೇನಾ? ನೀವಾದರೂ ಹಾಕುತ್ತೀರಾ?

ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವರು

ಮೇಲೆ ಬರೆದವರು ಅಸಲಿ ವಿಷಯ ಹೇಳಿದರು. ನಮ್ಮಲ್ಲೂ ಜನ ಕೊಡದೇ ಇದ್ದದ್ದು ಸೋಮಾರಿತನಕ್ಕಲ್ಲ, ಹೆದರಿಕೆಗೆ. ಅದಕ್ಕೇ ಡಬ್ಬ ತೆಗೆದು ಒಂದು ಮೇಜು ಹಾಕಿದೆವು. 'ನಿಮ್ಮೆದುರೇ ಅಳಿಸಿ ಕೊಡುತ್ತೇವೆ' ಅಂತ ಒಂದು ಬೋರ್ಡ್, ಅಷ್ಟೇ. ಫೋನುಗಳು ಬರಲು ಶುರುವಾದದ್ದು ಆಮೇಲೆ.

ಟಚ್ ಹೋದ ಫೋನಿಗೆ ಒಂದು ಉಪಾಯ ಇದೆ. ಸ್ಕ್ರೀನ್ ಕಾಣುತ್ತಿದ್ದರೆ ಒಟಿಜಿ ಅಡಾಪ್ಟರ್ (ಫೋನಿಗೆ ಯುಎಸ್‌ಬಿ ಸಾಮಾನು ಜೋಡಿಸುವ ಪುಟ್ಟ ಕೊಂಡಿ) ಸಿಕ್ಕಿಸಿ ಮಾಮೂಲಿ ಯುಎಸ್‌ಬಿ ಮೌಸ್ ಹಾಕಿ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಪುಟ್ಟ ಬಾಣದ ಗುರುತು ಬರುತ್ತದೆ. ಅದರಲ್ಲೇ ಕ್ಲಿಕ್ ಮಾಡುತ್ತಾ ಲಾಕ್ ತೆಗೆದು, ಬೇಕಾದ ಫೋಟೋ ಉಳಿಸಿಕೊಂಡು, ಸೆಟ್ಟಿಂಗ್ಸ್‌ಗೆ ಹೋಗಬಹುದು. ಮೊದಲ ಸಲ ನೋಡಿದವರು ಜಾದೂ ಅಂದುಕೊಳ್ಳುತ್ತಾರೆ.

ಆಮೇಲೆ ಕ್ರಮ ತಪ್ಪಬಾರದು. ಮೊದಲು ಅಕೌಂಟಿನಿಂದ ಹೊರಗೆ ಬನ್ನಿ, ಆಮೇಲೆ ಫ್ಯಾಕ್ಟರಿ ರಿಸೆಟ್. ಉಲ್ಟಾ ಮಾಡಿದರೆ ಫೋನ್ ನಿಮ್ಮ ಅಕೌಂಟಿಗೇ ಬೀಗ ಹಾಕಿಕೊಂಡು ಕೂತುಬಿಡಬಹುದು, ಹಾಗಾದರೆ ಮುಂದೆ ಯಾರಿಗೂ ಉಪಯೋಗವಿಲ್ಲ. ಸಿಮ್ ಮತ್ತು ಮೆಮೊರಿ ಕಾರ್ಡ್ ಕೈಯಾರೆ ತೆಗೆಯಿರಿ. ಫೋನ್ ರಿಸೆಟ್ ಮಾಡಿದರೆ ಕಾರ್ಡ್ ಕೂಡ ಅಳಿಸಿಹೋಗುತ್ತದೆ ಅಂತ ನಂಬಿದವರು ಬಹಳ ಜನ. ಈಗಿನ ಫೋನುಗಳು ಒಳಗಿನ ಮಾಹಿತಿಯನ್ನು ಗೂಢಲಿಪಿಯಲ್ಲಿ ಇಟ್ಟಿರುತ್ತವೆ. ರಿಸೆಟ್ ಆದಾಗ ಅದರ ಕೀಲಿ ನಾಶವಾಗುತ್ತದೆ, ಉಳಿದದ್ದನ್ನು ಓದಲು ಬರುವುದಿಲ್ಲ. ತೀರಾ ಹಳೆಯ ಫೋನಾದರೆ ಸೆಟ್ಟಿಂಗ್ಸ್‌ನಲ್ಲಿ ಎನ್‌ಕ್ರಿಪ್ಷನ್ (ಈ ಗೂಢಲಿಪಿಯೇ) ಆನ್ ಮಾಡಿಯೇ ರಿಸೆಟ್ ಮಾಡಿ.

ಲ್ಯಾಪ್‌ಟಾಪ್ ಬೇರೆ ಕಥೆ. ಕ್ವಿಕ್ ಫಾರ್ಮ್ಯಾಟ್ ಅಂದರೆ ಪುಸ್ತಕದ ಪರಿವಿಡಿ ಹರಿದ ಹಾಗೆ, ಪುಟಗಳೆಲ್ಲಾ ಹಾಗೇ ಇರುತ್ತವೆ. ಹಾರ್ಡ್ ಡಿಸ್ಕ್ ಆದರೆ ಹಳೆಯದರ ಮೇಲೆ ಪೂರ್ತಿ ಒಮ್ಮೆ ಬೇರೆ ಮಾಹಿತಿ ಬರೆಸಿ. ಎಸ್‌ಎಸ್‌ಡಿಗೆ (ಚಿಪ್‌ಗಳಲ್ಲಿ ಮಾಹಿತಿ ಇಡುವ, ವೇಗದ ಡಿಸ್ಕಿಗೆ) ಅದು ಸಾಲದು, ಅದರ ಕಂಪನಿ ಕೊಡುವ ಸೆಕ್ಯೂರ್ ಇರೇಸ್ ಅನ್ನುವ ಅಳಿಸುವ ಸಾಧನ ಬಳಸಿ. ಆನ್ ಆಗದೇ ಇದ್ದರೆ ನಾಲ್ಕು ಸ್ಕ್ರೂ ಬಿಚ್ಚಿ ಡಿಸ್ಕನ್ನು ನೀವೇ ಇಟ್ಟುಕೊಂಡು ಉಳಿದದ್ದು ಕೊಡಿ. ಒಬ್ಬ ಹುಡುಗ ಸುರಕ್ಷತೆ ಅಂತ ಫೋನಿಗೆ ಡ್ರಿಲ್ ಹಾಕಲು ಹೊರಟಿದ್ದ. ಪುಣ್ಯಕ್ಕೆ ನಾನು ಅಲ್ಲೇ ಇದ್ದೆ. ಒಳಗೆ ಬ್ಯಾಟರಿ ಇದೆ ಮಾರಾಯ!

ಹೋದ ವರ್ಷ ಸಂಗ್ರಹ ಮಾಡಿ ಪಾಠ ಕಲಿತವನು

ಬ್ಯಾಟರಿ ಮಾತು ಬಂತಲ್ವಾ, ನನ್ನದೂ ಕೇಳಿ. ಎಲ್ಲವನ್ನೂ ಒಂದೇ ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿದ್ದೆವು. ಯಾರೋ ಬಿಚ್ಚಿದ ಬ್ಯಾಟರಿ ಹಾಕಿದ್ದರು, ಅದರ ಪಕ್ಕದಲ್ಲೇ ಬೀಗದ ಕೈ ಗೊಂಚಲು. ಸಂಜೆ ಹೊತ್ತಿಗೆ ಸಿಹಿ ಸಿಹಿಯಾದ ಒಂದು ಕೆಟ್ಟ ವಾಸನೆ. ಪೆಟ್ಟಿಗೆ ಮುಟ್ಟಿದರೆ ಬಿಸಿ. ಹೊರಗೆ ಎಳೆದು ಹಾಕುವಷ್ಟರಲ್ಲಿ ಹೊಗೆ. ಯಾರಿಗೂ ಏನೂ ಆಗಲಿಲ್ಲ, ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ.

ಅಂದಿನಿಂದ ಬ್ಯಾಟರಿಗೆ ಬೇರೆ ತಗಡಿನ ಡಬ್ಬ, ತಳದಲ್ಲಿ ಒಣ ಮರಳು. ಬಿಡಿ ಬ್ಯಾಟರಿಯ ತುದಿಗಳಿಗೆಲ್ಲಾ ಟೇಪು. ಊದಿಕೊಂಡದ್ದನ್ನು ಚಾರ್ಜ್ ಮಾಡುವ ಹಾಗಿಲ್ಲ, ಒತ್ತುವ ಹಾಗಿಲ್ಲ, 'ಗಾಳಿ ತೆಗೆಯುತ್ತೇನೆ' ಅಂತ ಚುಚ್ಚುವ ಹಾಗಂತೂ ಇಲ್ಲವೇ ಇಲ್ಲ. ಡಬ್ಬದ ಮುಚ್ಚಳ ಬಿಗಿಯಾಗಿ ಹಾಕಬೇಡಿ. ಅಂಟಿಸಿದ ಬ್ಯಾಟರಿಯನ್ನು ಕೀಳಲು ಹೋಗಬೇಡಿ, ಫೋನ್ ಇದ್ದಂತೆಯೇ ಕೊಡಿ.

ಇನ್ನೊಂದು ಮಾತು, ದಿನ ನೋಡಿಕೊಳ್ಳಿ. ಸೆಮಿಸ್ಟರ್ ಮಧ್ಯದಲ್ಲಿ ಯಾರೂ ಡ್ರಾಯರ್ ತೆಗೆಯುವುದಿಲ್ಲ. ಹಾಸ್ಟೆಲ್ ಖಾಲಿ ಮಾಡುವ ವಾರ ಮೆಟ್ಟಿಲ ಕೆಳಗೆ ಮೇಜು ಹಾಕಿದೆವು ನೋಡಿ, ಕೆಟಲ್, ಸ್ಪೀಕರ್, ಎಕ್ಸ್‌ಟೆನ್ಷನ್ ಬೋರ್ಡ್, ಗಂಟು ಬಿದ್ದ ಕೇಬಲ್ಲುಗಳ ರಾಶಿ. ಕೆಟಲ್ ಕೂಡ ಇ-ತ್ಯಾಜ್ಯವೇ ಅಂತ ಅರ್ಧ ಜನಕ್ಕೆ ಅಲ್ಲೇ ಗೊತ್ತಾಯಿತು.

ಪ್ರಶ್ನೆ ಕೇಳುವ ಅಭ್ಯಾಸ ಇರುವವರು

ನಿಮ್ಮ ಪ್ರಶ್ನೆಪಟ್ಟಿಯಲ್ಲೇ ಎಡವಟ್ಟಿದೆ ಅನಿಸುತ್ತದೆ. 'ಸರಿಯಾಗಿ ವಿಲೇವಾರಿ ಮಾಡುತ್ತೀರಾ' ಅಂದರೆ ಯಾರು ಇಲ್ಲ ಅನ್ನುತ್ತಾರೆ? 'ನಿಮ್ಮ ಹಿಂದಿನ ಫೋನ್ ಈ ಕ್ಷಣ ಎಲ್ಲಿದೆ' ಅಂತ ಕೇಳಿ. 'ಹತ್ತಿರದ ಸಂಗ್ರಹ ಜಾಗ ಎಲ್ಲಿದೆ, ಹೆಸರು ಬರೆಯಿರಿ' ಅಂತ ಕೇಳಿ. ಚಕ್ರದ ಕಸದ ಡಬ್ಬಿಗೆ ಅಡ್ಡಗೆರೆ ಎಳೆದ ಚಿತ್ರ (ಮಾಮೂಲಿ ಕಸಕ್ಕೆ ಹಾಕಬೇಡಿ ಅನ್ನುವ ಗುರುತು) ತೋರಿಸಿ, ಇದನ್ನು ಎಲ್ಲಿ ನೋಡಿದ್ದೀರಿ ಅನ್ನಿ. ಅವರ ಚಾರ್ಜರಿನ ಮೇಲೇ ಇರುತ್ತದೆ, ತಿರುಗಿಸಿ ನೋಡಿರುವುದಿಲ್ಲ.

ಹಳೇ ವಿದ್ಯಾರ್ಥಿ

ಎಲ್ಲಿಗೆ ಹೋಗುತ್ತದೆ ಅಂತ ತಿಳಿಯದೆ ಸಂಗ್ರಹ ಶುರು ಮಾಡಬೇಡಿ. ನಾವು ಮಾಡಿದ್ದು ಅದೇ ತಪ್ಪು. ಗೋಣಿಚೀಲಗಟ್ಟಲೆ ಕೂಡಿಸಿ, ಬಂದ ಗುಜರಿಯವರಿಗೆ ಕೊಟ್ಟು, ಫೋಟೋ ತೆಗೆಸಿಕೊಂಡೆವು. ಆಮೇಲೆ ಅದು ಎಲ್ಲಿ ಹೋಯಿತೋ ದೇವರೇ ಬಲ್ಲ. ತಾಮ್ರಕ್ಕಾಗಿ ಕೇಬಲ್ ಸುಡುವುದು, ಚಿನ್ನಕ್ಕಾಗಿ ಬೋರ್ಡನ್ನು ಆಸಿಡ್‌ನಲ್ಲಿ ಅದ್ದುವುದು, ವಿಷ ಹೊರಬರುವುದೇ ಅಲ್ಲಿ. ವಿಶ್ವಸಂಸ್ಥೆಯ ಲೆಕ್ಕದಲ್ಲಿ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಬಿತ್ತು. ಸರಿಯಾದ ದಾರಿಯಲ್ಲಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದಕ್ಕೆ ದಾಖಲೆ ಇರುವುದು ಶೇ. 22.3ಕ್ಕೆ ಮಾತ್ರ. ನಮ್ಮ ಚೀಲಗಳು ಉಳಿದದ್ದರಲ್ಲಿ ಸೇರಿದವು. ಇ-ತ್ಯಾಜ್ಯ ಒಯ್ಯುವವರ ಪರವಾನಗಿ ನೋಡಿ, ತೂಕ ಬರೆದ ರಸೀದಿ ಕೇಳಿ, ಆಮೇಲೆ ಮೇಜು ಹಾಕಿ.

ಪೋಸ್ಟರ್‌ನಲ್ಲಿ 'ಫೋನಿನಲ್ಲಿ ಚಿನ್ನವಿದೆ' ಅಂತಲೂ ಬರೆಯಬೇಡಿ. ಟೋಕಿಯೊ ಒಲಿಂಪಿಕ್ಸ್ ಪದಕಗಳಿಗೆ ಸುಮಾರು 79 ಸಾವಿರ ಟನ್ ಹಳೇ ಉಪಕರಣ ಕೂಡಿಸಿದರು, ಅದರಲ್ಲಿ ಫೋನುಗಳೇ 62 ಲಕ್ಷ. ಸಿಕ್ಕ ಚಿನ್ನ ಬರೀ 32 ಕೆಜಿ. ನಮ್ಮ ಪೋಸ್ಟರ್ ಓದಿದ ಹುಡುಗರು 'ಹಾಗಾದರೆ ಸುಮ್ನೆ ಯಾಕೆ ಕೊಡಬೇಕು' ಅಂತ ಫೋನನ್ನು ಮತ್ತೆ ಡ್ರಾಯರಿಗೇ ಹಾಕಿದರು!

ರಿಪೇರಿ ಹುಚ್ಚಿನವನು

ಬಂದದ್ದೆಲ್ಲಾ ತ್ಯಾಜ್ಯ ಅಲ್ಲ, ಮೊದಲು ಬೇರೆ ಮಾಡಿ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ ನಿಂತದ್ದು 2025ರ ಅಕ್ಟೋಬರ್ 14ಕ್ಕೆ. ತಮಾಷೆ ಅಂದರೆ ಅಂತರರಾಷ್ಟ್ರೀಯ ಇ-ತ್ಯಾಜ್ಯ ದಿನವೂ ಅಕ್ಟೋಬರ್ 14. ಆ ಹೊತ್ತಿಗೆ ನನ್ನ ಕೈಗೆ ಬಂದ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವು ಗಟ್ಟಿಮುಟ್ಟಾಗಿದ್ದವು. ಎಸ್‌ಎಸ್‌ಡಿ ಹಾಕಿ ವಿಂಡೋಸ್ ಬದಲು ಹಗುರವಾದ ಲಿನಕ್ಸ್ (ಉಚಿತವಾಗಿ ಸಿಗುವ ಕಾರ್ಯಾಚರಣಾ ವ್ಯವಸ್ಥೆ) ಹಾಕಿದರೆ ಟೈಪಿಂಗ್, ಬ್ರೌಸಿಂಗ್‌ಗೆ ಧಾರಾಳ. ಒಂದರಲ್ಲಿ ಈಗ ಜೂನಿಯರ್ ಒಬ್ಬಳು ಥೀಸಿಸ್ ಬರೆಯುತ್ತಿದ್ದಾಳೆ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಮೊದಲು ನನ್ನದೇ ಡ್ರಾಯರ್ ತೆಗೆದೆ. ಕೇಬಲ್ 11, ಅದರಲ್ಲಿ ಯಾವುದು ಯಾತರದ್ದು ಅಂತ ಗೊತ್ತಾದದ್ದು ನಾಲ್ಕು ಮಾತ್ರ. ಟಚ್ ಹೋದ ಫೋನ್ ನನ್ನ ಹತ್ತಿರವೂ ಇತ್ತು. ಡಬ್ಬದಲ್ಲಿ ಬಿದ್ದಿದ್ದ ಮೌಸನ್ನೇ ಹಾಕಿ ನೋಡಿದೆ. ಬಾಣ ಬಂತು! ಮೌಸ್ ಹಾಳಾಗಿಯೇ ಇರಲಿಲ್ಲ, ಯಾರೋ ಸುಮ್ನೆ ಎಸೆದಿದ್ದಾರೆ. ಪರವಾನಗಿ ಇರುವವರನ್ನು ನಾಳೆಯಿಂದ ಹುಡುಕುತ್ತೇನೆ, ಮೇಜು ಹಾಸ್ಟೆಲ್ ಖಾಲಿಯಾಗುವ ವಾರಕ್ಕೆ.

ಒಂದೇ ಅನುಮಾನ. ಡ್ರಾಯರಿನ ಮೂಲೆಯಲ್ಲಿ ಪವರ್ ಬ್ಯಾಂಕ್ ಒಂದು ಸ್ವಲ್ಪ ಊದಿದ ಹಾಗಿದೆ, ಮೇಜಿನ ಮೇಲಿಟ್ಟರೆ ಅಲ್ಲಾಡುತ್ತದೆ. ಸದ್ಯಕ್ಕೆ ತಗಡಿನ ಡಬ್ಬದಲ್ಲಿ ಮರಳು ಹಾಕಿ ಹೊರಗಿನ ಕಟ್ಟೆ ಮೇಲೆ ಇಟ್ಟಿದ್ದೇನೆ. ಅದರ ಯುಎಸ್‌ಬಿ ತೂತಿಗೂ ಟೇಪು ಹಚ್ಚಬೇಕಾ?

ಹೋದ ವರ್ಷ ಸಂಗ್ರಹ ಮಾಡಿ ಪಾಠ ಕಲಿತವನು

ಹಚ್ಚಿ. ಬಿಸಿಲು ಬೀಳದ ಕಡೆ ಇಡಿ, ಆ ವಾರದವರೆಗೂ ಕಾಯಬೇಡಿ. ಅದೊಂದನ್ನು ಮೊದಲು ಕಳಿಸಿ.