ಸಹಾಯ ಬೇಕು: ಪುಣೆದಾಗ ಕನ್ನಡ ಬರೋ ಎಚ್‌ಐವಿ ಕೌನ್ಸೆಲರ್ ಯಾರಾದ್ರೂ ಅದಾರೇನ್ರಿ?

ನಮಸ್ಕಾರ್ರೀ ಎಲ್ಲಾರಿಗೂ. ಕೊಥ್ರೂಡ್ ಕಡೆ ಒಂದು ಫ್ಲ್ಯಾಟ್‌ದಾಗ ವಿಜಯಪುರ, ಬೆಳಗಾವಿ ಕಡೀ ಕಾಲೇಜ್ ಹುಡುಗ್ರು ಕೂಡಿ ಇರ್ತೀವಿ. ಒಬ್ಬಂದು ಎಚ್‌ಐವಿ ಪಾಸಿಟಿವ್ ಅಂತ ಹೆಂಗೋ ಹೊರಗ ಬಿತ್ತು, ಅವತ್ತಿಂದ ಅವನ ತಾಟು ಬ್ಯಾರೆ, ಬಕೀಟು ಬ್ಯಾರೆ, ಸೊಳ್ಳಿ ಕಡದ್ರ ನಮಗೂ ಬರ್ತದ ಅಂತ ರಾತ್ರಿಯೆಲ್ಲಾ ಕಾಯಿಲ್ ಹಚ್ಚಾಕತ್ತಾರ, ಎಲ್ಲಾರೂ ಇಂಜಿನಿಯರಿಂಗ್ ಓದೋ ಮಂದಿ ಮತ್ತ!

ಮುಟ್ಟಿದ್ರ, ಕೂಡಿ ಉಂಡ್ರ, ಸೊಳ್ಳಿ ಕಡದ್ರ ಇದು ಬರೂದಿಲ್ಲ ಅಂತ ಎಷ್ಟು ಹೇಳಿದ್ರೂ ನೀ ಏನ್ ಡಾಕ್ಟರ್ ಏನಲೇ ಅಂತಾರ. ಸರ್ಕಾರಿ ಎಆರ್‌ಟಿ ಸೆಂಟರ್‌ದಾಗ (ಎಚ್‌ಐವಿಗೆ ಔಷಧ ಕೊಡೋ ಜಾಗ) ಗುಳಿಗಿ ಫುಕಟ್ ಸಿಗ್ತಾವ, ದಿನಾ ತಪ್ಪದ ತಗೊಂಡು ವೈರಸ್ ಟೆಸ್ಟ್‌ನಾಗ ಕಾಣದಷ್ಟು ಇಳಿದು ಹಂಗೇ ಉಳೀತಂದ್ರ ಸೆಕ್ಸ್‌ನಿಂದ ಸುದ್ದಾ ಇನ್ನೊಬ್ರಿಗೆ ಹರಡೂದಿಲ್ಲ, ಇದನ್ನಂತೂ ಯಾರೂ ನಂಬವಲ್ರು. ಈಗ ಓನರ್‌ಗೆ ಹೇಳಿ ಅವನ್ನ ಬಿಡಸೂಣು ಅನ್ನಾಕತ್ತಾರ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ಹಂಗ ಮನಿ ಬಿಡಸಾಕ ಬರೂದಿಲ್ಲ.

1097 ಹೆಲ್ಪ್‌ಲೈನ್ ಗೊತ್ತದ, ಫುಕಟ್ ಅದ, ಆದ್ರ ಇವ್ರಿಗೆ ಎದುರು ಕುಂತು ನಮ್ಮ ಭಾಷಾದಾಗ ಹೇಳೋರು ಬೇಕ್ರಿ. ಡಾಕ್ಟರ್, ನರ್ಸ್, ಕೌನ್ಸೆಲರ್ ಯಾರಾದ್ರೂ ಒಂದ್ ರವಿವಾರ ತಾಸು ಬಂದ್ರ ಸಾಕು. ಆ ಹುಡುಗನ್ನ ಕೇಳೇ ಇದನ್ನ ಹಾಕೀನಿ, ಹೆಸರು ಮಾತ್ರ ಕೇಳಬ್ಯಾಡ್ರಿ. ಇನ್‌ಬಾಕ್ಸ್ ಮಾಡ್ರಿ ಪ್ಲೀಸ್.