ಅಯೋವಾದ ಬೇಸಿಗೆ ಬೇಸ್‌ಬಾಲ್: ಮಗನನ್ನು ಶಾಲಾ ತಂಡದಿಂದ ಬಿಡಿಸಬೇಕೆ?

ಪ್ರಶ್ನೆ (ಡಿ ಮೊಯ್ನ್ ಸಮೀಪದ ಒಬ್ಬ ತಂದೆ)

ಕೆಲಸದ ನಿಮಿತ್ತ ಕಳೆದ ವರ್ಷ ಟೆಕ್ಸಸ್‌ನಿಂದ ಅಯೋವಾಕ್ಕೆ ಬಂದಿದ್ದೇವೆ. ಹತ್ತನೇ ತರಗತಿಯಲ್ಲಿರುವ 16 ವರ್ಷದ ಮಗ ಪಿಚರ್ (ಬ್ಯಾಟರ್‌ಗೆ ಚೆಂಡೆಸೆಯುವ ಆಟಗಾರ) ಆಗಿದ್ದು, ಕಾಲೇಜು ತಂಡದಲ್ಲಿ ಆಡಲೇಬೇಕೆಂದು ಹಟ ಹಿಡಿದಿದ್ದಾನೆ. ಟೆಕ್ಸಸ್‌ನಲ್ಲಿ ಫೆಬ್ರವರಿಯಲ್ಲಿ ಆರಂಭವಾಗುವ ಶಾಲಾ ಪಂದ್ಯಗಳು ಜೂನ್ ಮೊದಲ ಭಾಗದಲ್ಲೇ ಮುಗಿಯುತ್ತಿದ್ದುದರಿಂದ ಬೇಸಿಗೆ ರಜೆಯೆಲ್ಲ ಶಾಲೆಗೆ ಸಂಬಂಧಿಸದ, ಊರೂರಿಗೆ ಹೋಗಿ ಆಡುವ ಟ್ರಾವೆಲ್ ತಂಡಕ್ಕೆ ಮೀಸಲಾಗಿತ್ತು. ಇಲ್ಲಿ ಮೇ ತಿಂಗಳಲ್ಲಿ ಶುರುವಾದ ಶಾಲಾ ಪಂದ್ಯಗಳು ಜುಲೈವರೆಗೂ ನಡೆಯುತ್ತವೆ. ಕಾಲೇಜು ಕೋಚ್‌ಗಳು ನೋಡಲು ಬರುವ ದೊಡ್ಡ ಪಂದ್ಯಾವಳಿಗಳು ಜಾರ್ಜಿಯಾದಲ್ಲಿ ನಡೆಯುವುದೂ ಅದೇ ವಾರಗಳಲ್ಲಿ. ಟ್ರಾವೆಲ್ ತಂಡದ ಕೋಚ್ ಶಾಲಾ ತಂಡ ಬಿಡಿಸಿ ಎನ್ನುತ್ತಾರೆ. ಮಗನಿಗೋ ಗೆಳೆಯರನ್ನು ಬಿಡಲು ಮನಸ್ಸಿಲ್ಲ. ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಸೀಡರ್ ರ‍್ಯಾಪಿಡ್ಸ್‌ನ ಒಬ್ಬ ತಾಯಿ)

ಶಾಲಾ ಬೇಸ್‌ಬಾಲನ್ನು ಬೇಸಿಗೆಯಲ್ಲಿ ಆಡಿಸುವ ರಾಜ್ಯವಾಗಿ ಈಗ ಉಳಿದಿರುವುದು ಅಯೋವಾ ಒಂದೇ. ಆಟಗಾರರನ್ನು ಕಾಲೇಜುಗಳ ಕಣ್ಣಿಗೆ ಬೀಳಿಸುವುದನ್ನೇ ಕಸುಬಾಗಿಸಿಕೊಂಡ ಪರ್ಫೆಕ್ಟ್ ಗೇಮ್ ಸಂಸ್ಥೆ ಬೆಳೆದದ್ದೂ ನಮ್ಮ ಈ ಊರಿನಲ್ಲೇ. ದೀಪದ ಬುಡದಲ್ಲೇ ಕತ್ತಲೆ ಎನ್ನಬೇಕೇನೋ! ಆದರೂ ನಾವು ದೊಡ್ಡ ಮಗನನ್ನು ಶಾಲಾ ತಂಡದಲ್ಲೇ ಉಳಿಸಿಕೊಂಡೆವು. ಕಾಲೇಜು ಕ್ರೀಡೆಯ ಮೊದಲ ದರ್ಜೆಯ (ಡಿವಿಷನ್ 1) ಕಾಲೇಜುಗಳ ಕೋಚ್‌ಗಳು ಹುಡುಗನೊಡನೆ ನೇರವಾಗಿ ಮಾತನಾಡಲು ನಿಯಮದಂತೆ ಅವಕಾಶವಾಗುವುದು ಹನ್ನೊಂದನೇ ತರಗತಿಗೆ ಮುಂಚಿನ ಆಗಸ್ಟ್ 1ರಿಂದ. ಅಷ್ಟು ಹೊತ್ತಿಗೆ ಶಾಲಾ ಪಂದ್ಯಗಳು ಮುಗಿದಿರುತ್ತವೆ, ಮುಂದೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಸಮಯವಿರುತ್ತದೆ. ನಮ್ಮವನನ್ನು ಕೋಚ್‌ಗಳು ನೋಡಿದ್ದು ಫ್ಲೋರಿಡಾದ ಜುಪಿಟರ್‌ನಲ್ಲಿ, ಅಕ್ಟೋಬರ್‌ನ ಪಂದ್ಯಾವಳಿಯಲ್ಲಿ.

ಉತ್ತರ 2 (ಮಿನಿಯಾಪೊಲಿಸ್‌ನಿಂದ)

ಬೇರೆ ರಾಜ್ಯಗಳ ವಸಂತದ ವೇಳಾಪಟ್ಟಿಯೇ ಸುಖವೆಂದು ಭಾವಿಸಬೇಡಿ. ಇಲ್ಲಿ ಮಾರ್ಚ್‌ನಲ್ಲಿ ಅಭ್ಯಾಸ ಶುರುವಾಗುವುದು ಜಿಮ್ನೇಷಿಯಂನ ಮರದ ನೆಲದ ಮೇಲೆ. ಏಪ್ರಿಲ್‌ನಲ್ಲಿ ಮಗ ಎರಡು ಎಸೆತಗಳ ನಡುವೆ ಕೈಯನ್ನು ಹಿಂಬದಿ ಜೇಬಿಗೆ ತುರುಕಿ ಅಲ್ಲಿಟ್ಟ ಬಿಸಿ ಪೊಟ್ಟಣವನ್ನು ಹಿಸುಕುತ್ತಿರುತ್ತಾನೆ. ಹಿಮದಿಂದ ಮುಂದೂಡಿದ ಪಂದ್ಯಗಳೆಲ್ಲ ಮೇ ತಿಂಗಳಿಗೆ ಬಂದು ಬೀಳುವುದರಿಂದ ಒಂದೇ ವಾರದಲ್ಲಿ ನಾಲ್ಕು ಪಂದ್ಯಗಳಾದದ್ದೂ ಉಂಟು, ಅದೂ ಪರೀಕ್ಷೆಗಳ ನಡುವೆ. ತೋಳು ಪೂರ್ತಿ ಪಳಗುವ ಮೊದಲೇ ಭಾರ ಹೇರಿದಂತಾಗುತ್ತದೆ. ಒಣಗಿದ ಮೈದಾನ, ಪಾಠವಿಲ್ಲದ ಜೂನ್ ನಿಮ್ಮ ಪಾಲಿಗಿವೆ.

ಉತ್ತರ 3 (ಷಿಕಾಗೋದಿಂದ)

ಯಾವ ತಂಡ ಎಂಬುದಕ್ಕಿಂತ, ಎರಡೂ ತಂಡಗಳ ಎಸೆತಗಳನ್ನು ಒಟ್ಟಾಗಿ ಎಣಿಸುವವರು ಯಾರು ಎಂಬುದೇ ನನಗೆ ಮುಖ್ಯವಾಗಿ ಕಾಣುತ್ತದೆ. ಶಾಲಾ ಪಂದ್ಯಗಳಿಗೆ 2017ರಿಂದ ಪ್ರತಿ ರಾಜ್ಯವೂ ಎಸೆತಗಳ ಮಿತಿ ಇಟ್ಟುಕೊಳ್ಳಬೇಕಾಗಿದೆ, ಆದರೆ ಶನಿವಾರ ಟ್ರಾವೆಲ್ ತಂಡಕ್ಕೆ ಎಸೆದದ್ದು ಶಾಲೆಯ ಲೆಕ್ಕಕ್ಕೆ ತಾನಾಗಿ ಸೇರುವುದಿಲ್ಲ. ಮೇಜರ್ ಲೀಗ್ ಬೇಸ್‌ಬಾಲ್ ಮತ್ತು ಯುಎಸ್‌ಎ ಬೇಸ್‌ಬಾಲ್ ರೂಪಿಸಿದ ಪಿಚ್ ಸ್ಮಾರ್ಟ್ ಸೂಚನೆಯ ಪ್ರಕಾರ 15–16 ವಯಸ್ಸಿನವರು ದಿನಕ್ಕೆ 95 ಎಸೆತ ಮೀರಬಾರದು. 61ರಿಂದ 75 ಎಸೆದರೆ ಮೂರು ದಿನ, 75 ದಾಟಿದರೆ ನಾಲ್ಕು ದಿನ ವಿಶ್ರಾಂತಿ ಬೇಕು. ನನ್ನ ಮಗ ಬುಧವಾರ ಶಾಲೆಗೆ 70 ಎಸೆದಿದ್ದ. ಶನಿವಾರ ಟ್ರಾವೆಲ್ ತಂಡದವರು ಅವನನ್ನು ಮತ್ತೆ ಚೆಂಡೆಸೆಯುವ ದಿಬ್ಬ ಹತ್ತಿಸಿದರು, ನಾನೂ ಸುಮ್ಮನಿದ್ದೆ. ಅದರ ಫಲವಾಗಿ ಮೊಣಕೈ ನೋವಿನಿಂದ ಆರು ವಾರ ಚೆಂಡು ಮುಟ್ಟಲಿಲ್ಲ. ಅದಲ್ಲದೆ ವರ್ಷದಲ್ಲಿ ಕನಿಷ್ಠ ನಾಲ್ಕು ತಿಂಗಳು ಸ್ಪರ್ಧಾತ್ಮಕ ಪಿಚಿಂಗ್ ಬೇಡವೆಂದೂ ಅದೇ ಸೂಚನೆ ಹೇಳುತ್ತದೆ. ಅಕ್ಟೋಬರ್‌ವರೆಗೆ ಆಡಿಸುವುದಾದರೆ ನವೆಂಬರ್‌ನಿಂದ ಫೆಬ್ರವರಿಯನ್ನು ಈಗಲೇ ಖಾಲಿ ಬಿಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಈ ವರ್ಷ ಶಾಲಾ ತಂಡದಲ್ಲೇ ಆಡಿಸಿ, ಟ್ರಾವೆಲ್ ತಂಡಕ್ಕೆ ಆಗಸ್ಟ್‌ನಿಂದ ಕಳುಹಿಸುವುದೆಂದು ನಿಶ್ಚಯಿಸಿದ್ದೇವೆ. ಎಸೆತಗಳ ಲೆಕ್ಕದ ಹಾಳೆಯನ್ನು ಮಗನೇ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾನೆ. ಟ್ರಾವೆಲ್ ತಂಡದ ಕೋಚ್ ಇನ್ನೂ ಉತ್ತರಿಸಿಲ್ಲ.