ಸಹಾಯ ಬೇಕು: ನೀರಿನ ರಾಕೆಟ್ ಲಾಂಚರ್‌ಗೆ ಓ-ರಿಂಗ್ ಕೂರಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಆಗಸ್ಟ್ 23ರ ರಾಷ್ಟ್ರೀಯ ಬಾಹ್ಯಾಕಾಶ ದಿನಕ್ಕೆ ಏಳನೇ ತರಗತಿ ಮಕ್ಕಳಿಂದ ನೀರಿನ ರಾಕೆಟ್ ಮಾಡಿಸುತ್ತಿದ್ದೇವೆ. ಅದನ್ನು ಹಾರಿಸುವ ಲಾಂಚರ್ ಮಾಡಿ ಗೊತ್ತಿರುವವರು ದಯವಿಟ್ಟು ತಿಳಿಸಿ.

ಈಗಿರುವುದು ಒಂದೂಕಾಲು ಲೀಟರಿನ ಸೋಡಾ ಬಾಟಲಿ, 400 ಮಿಲಿ ನೀರು, ರಬ್ಬರ್ ಬಿರಡೆಗೆ ತೂರಿಸಿದ ಸೈಕಲ್ ಟ್ಯೂಬಿನ ವಾಲ್ವ್, ಗೇಜ್ ಇರುವ ಪಂಪು. (ಕುಡಿಯುವ ನೀರಿನ ಬಾಟಲಿ ಬೇಡವೇ ಬೇಡ, ತೆಳು ಪ್ಲಾಸ್ಟಿಕ್ ಒತ್ತಡ ತಡೆಯುವುದಿಲ್ಲ.) ತೊಂದರೆ ಬಿರಡೆಯದು. ಒದ್ದೆಯಾದ ರಬ್ಬರ್ ಜಾರಿ ಒಮ್ಮೆ ಗಾಳಿಯ ಒತ್ತಡ 20 ಪಿಎಸ್‌ಐ ಆದಾಗ, ಒಮ್ಮೆ 30 ಆದಾಗ ತಾನೇ ಕಿತ್ತುಕೊಳ್ಳುತ್ತದೆ. ಒತ್ತಡ ಒಂದೇ ಇಲ್ಲದಿದ್ದರೆ 200, 400, 600 ಮಿಲಿ ನೀರಿನಲ್ಲಿ ಯಾವುದು ಎತ್ತರ ಹೋಯಿತೆಂದು ಮಕ್ಕಳು ಹೋಲಿಸುವುದಾದರೂ ಹೇಗೆ? ನಮಗೆ ಅದೇ ಮುಖ್ಯ. ನೀರು ಕಡಿಮೆಯಾದರೆ ಹಿಂದಕ್ಕೆ ಚಿಮ್ಮಲು ತೂಕ ಸಾಲದು, ಜಾಸ್ತಿಯಾದರೆ ಗಾಳಿಗೆ ಜಾಗವಿಲ್ಲ. ಇದನ್ನು ಅವರು ಕಣ್ಣಾರೆ ಕಾಣಬೇಕು.

ಹಾಗಾಗಿ ಕೇಬಲ್ ಟೈ ಲಾಂಚರ್ ಮಾಡಬೇಕೆಂದಿದ್ದೇವೆ. ಟೈಗಳ ತಲೆ ಬಾಟಲಿಯ ಕತ್ತಿನ ಉಂಗುರವನ್ನು ಹಿಡಿದಿರುತ್ತದೆ, ಸುತ್ತಲಿನ ಪೈಪ್ ತುಂಡನ್ನು ದಾರದಿಂದ ಕೆಳಗೆಳೆದರೆ ಬಿಡುತ್ತದೆ. ಬಾಟಲಿ ಬಾಯಿಯ ಒಳವ್ಯಾಸ ಸುಮಾರು 21.7 ಮಿಮೀ. ಅದರೊಳಗೆ ತೂರಿಸಿ ಗಾಳಿ ತುಂಬಲು 20 ಮಿಮೀ ಪಿವಿಸಿ ಪೈಪ್ ಸಡಿಲ. ಅರ್ಧ ಇಂಚಿನ ಯುಪಿವಿಸಿ ಪ್ಲಂಬಿಂಗ್ ಪೈಪಿನ ಹೊರವ್ಯಾಸ 21.3, ಚೆನ್ನಾಗಿ ಕೂರುತ್ತದೆ. ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ, ಅಂದರೆ ಓ-ರಿಂಗ್‌ಗೆ ಈ ಪೈಪಿನ ಸುತ್ತ ಸಮನಾದ ಕಚ್ಚು ಬೇಕಲ್ಲ, ಲೇತ್ ಇಲ್ಲದೆ ಕೊರೆಯುವುದು ಹೇಗೆ? ಹ್ಯಾಕ್ಸಾದಲ್ಲಿ ಓರೆಯಾಗಿ ಗಾಳಿ ಸೋರುತ್ತದೆ. ಪೈಪನ್ನು ಬಿಸಿಮಾಡಿ ಉಬ್ಬಿಸಿದರೆ ಓ-ರಿಂಗ್ ಇಲ್ಲದೆಯೂ 45 ಪಿಎಸ್‌ಐ ನಿಲ್ಲುತ್ತದೆಯೇ? ಅದಕ್ಕಿಂತ ಮೇಲೆ ಹೋಗುವುದಿಲ್ಲ; ಮಕ್ಕಳು 10 ಮೀಟರ್ ಆಚೆಯೇ ನಿಲ್ಲುತ್ತಾರೆ.

ರೆಕ್ಕೆಗೆ ಬಿಸಿ ಗ್ಲೂ ಬಳಸಿದರೆ ಬಾಟಲಿ ಸೊಟ್ಟಗಾಗುತ್ತದೆ, ಟೇಪೇ ವಾಸಿ. ಬೇರೆ ಉಪಾಯವಿದ್ದರೆ ಅದನ್ನೂ ಹೇಳಿ.